ಕಂಬದ ಸ್ವಿಚ್ಚು

ಅರಸೀಕೆರೆಯ ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯ ಮುಂದೆ ನನ್ನ ಸರದಿಗಾಗಿ ಕಾಯುತ್ತಿದ್ದೆ. ಎದುರಿಗೆ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು, ಪಕ್ಕದಲ್ಲಿ ಸೊಸೆ ಶರ್ಮಿಳಾ. ನೋಡಲು ಬಂದ ಪಕ್ಕದ ಬೀದಿಯ ದೇವೀರಪ್ಪ ವಿಚಾರಿಸುತ್ತಿದ್ದರು.

“ಎಲ್ಲಿ ಬಿದ್ರವ್ವಾ?”

“ನಮ್ ಬೀದಿ ಚರಂಡೀಲೇ ಅಣ್ಣ. ಅತ್ತೆ ಮುಸ್ಸಂಜೇಲಿ ದೇವ್ರಿಗೆ ದೀಪ ಹಚ್ಚಿ, ಆಮೇಲೆ ಹೋಗಿ ಬೀದಿ ಲೈಟಿನ ಕಂಬದ ಸ್ವಿಚ್ಚು ಹಾಕ್ತಿದ್ರಲ್ಲ, ಅದೇ ಅಭ್ಯಾಸ.”

“ಈಗ ಸ್ವಿಚ್ಚೆಲ್ಲೈತೆ? ಆಫೀಸಲ್ಲಿ ಕೂತು ಕಂಪ್ಯೂಟರಲ್ಲೇ ಹಾಕ್ತಾರಲ್ಲ.”

“ಹಾಕಿದ್ರೆ ತಾನೇ! ಒಂದು ವಾರದಿಂದ ಕತ್ತಲು. ಬೀದಿಗೆ ಬೆಳಕಿಲ್ದೆ ಊಟ ಸೇರಲ್ಲ ಅಂತ ಹೋಗಿ ಕಂಬ ತಡಕ್ತಿದ್ದೋರು ಜಾರಿಬಿದ್ರು.”

“ಆಫೀಸಿಗೆ ಫೋನ್ ಮಾಡ್ಲಿಲ್ವೇ?”

“ಮಾಡ್ದೆ. ಕಂಪ್ಯೂಟರಲ್ಲಿ ಯಾವ ತೊಂದ್ರೇನೂ ತೋರಿಸ್ತಿಲ್ಲವಂತೆ. ಎಲ್ಲಾ ಬೀದಿಗಿಂತ ನಮ್ ಬೀದೀಲೇ ಕರೆಂಟು ಜಾಸ್ತಿ ಉಳಿದೈತಂತೆ. ಖುಷಿಯಾಗಿ ಹೇಳಿದ್ರು ಕಣಣ್ಣ.”

“ದೀಪಾನೇ ಉರೀದಿದ್ರೆ ಉಳೀದೆ ಇನ್ನೇನಾಯ್ತದೆ?”

“ನಾನೂ ಹಂಗೇ ಅಂದೆ. ‘ಸಹಕರಿಸಿ ಮೇಡಂ’ ಅಂದು ಇಟ್ಬಿಟ್ರು.”

ಅಷ್ಟರಲ್ಲಿ ನರ್ಸ್ ಅಜ್ಜಿಯ ಹೆಸರು ಕೂಗಿದರು. ಶರ್ಮಿಳಾ ಕುರ್ಚಿಯನ್ನು ಒಳಗೆ ತಳ್ಳಿದರು. ಕೋಣೆಯ ದೀಪ ಹತ್ತಿತು. ಅಜ್ಜಿ ತಟ್ಟನೆ ಕಣ್ಣು ಬಿಟ್ಟರು.

“ಬಂತೇನವ್ವಾ ಬೀದಿ ಲೈಟು? ಯಾರು ಹಾಕಿದ್ರು?”

ಬಾಗಿಲು ಮುಚ್ಚಿತು.