ಕೂಗಿದ್ದು ಹಳೆಯ ಸೈರನ್

ನಾನು, ಕಚೇರಿಯಲ್ಲಿ ಎಲ್ಲರೂ ಟೈಮ್‌ಟೇಬಲ್ ಮೇಡಂ ಎಂದು ಕರೆಯುವವಳು, ವಯಸ್ಸು 43, ಉದ್ಯೋಗ ಅಣೆಕಟ್ಟು ಕಚೇರಿಯಲ್ಲಿ ಕಂಪ್ಯೂಟರ್ ನಿರ್ವಹಣೆ, ವಾಸ ಕಚೇರಿ ವಸತಿಗೃಹ ಸಂಖ್ಯೆ 6, ಯಾರೂ ಕರೆಸದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಿಗದಿಯಾದ ವೇಳೆಗೆ ಕೆಲಸಗಳನ್ನು ತಾನೇ ನಡೆಸುವ ತಂತ್ರಾಂಶವನ್ನು ಹನ್ನೊಂದು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ದಿನವೂ ಬೆಳಿಗ್ಗೆ 10.45ಕ್ಕೆ ನದಿ ದಡದ ಸೈರನ್ ಕೂಗಿಸಿ 11.00ಕ್ಕೆ ಗೇಟು ತೆರೆದು ನದಿಗೆ ನೀರು ಬಿಡುವುದು ಅದರ ಕೆಲಸ. ಯಾವ ಸೈರನ್ ಎಂಬುದನ್ನು ಎನ್ವಿರಾನ್ಮೆಂಟ್ ವೇರಿಯಬಲ್ ಎಂಬ ಒಂದು ಸಾಲಿನಲ್ಲಿ ಕೊಡಬೇಕು. ತಂತ್ರಾಂಶ ಶುರುವಾಗುವಾಗ ಅದನ್ನು ಓದಿಕೊಳ್ಳುತ್ತದೆ.

ಈಚೆಗೆ ನೀರಿನ ಮಟ್ಟ ಅಳೆಯುವ ಜಾಗವನ್ನು ಎರಡು ಕಿಲೋಮೀಟರ್ ಕೆಳಕ್ಕೆ ಬದಲಿಸಿದರು; ಹಳೆಯ ಸೈರನ್ ಅಲ್ಲಿಗೆ ಕೇಳಿಸದ ಕಾರಣ ಸೋಮವಾರ ಅಲ್ಲಿ ಹೊಸ ಸೈರನ್ ಹಾಕಿದರು. ನದಿಗಿಳಿದು ಅಳತೆ ನೋಡುವವರು ನಮ್ಮ ಕಚೇರಿಯವರೇ, ವಯಸ್ಸು 52, ಎಲ್ಲರಿಗೂ ಅಳತೆ ಅಣ್ಣ. ಅಂದು ಸಂಜೆ 4.20ಕ್ಕೆ ಹೊಸ ಸೈರನ್ನಿನ ಹೆಸರು ಟೈಪ್ ಮಾಡಿ ತಂತ್ರಾಂಶವನ್ನು ಮತ್ತೆ ಶುರು ಮಾಡಿ ಕೂಗಿಸಿ ನೋಡಿದೆ. ಅಳತೆ ಅಣ್ಣ ಫೋನ್ ಮಾಡಿ, ಚೆನ್ನಾಗಿ ಕೇಳಿಸಿತು, ಇನ್ನು ತನಗೆ ಗಡಿಯಾರ ನೋಡುವ ಗೋಜಿಲ್ಲ ಎಂದು ನಕ್ಕರು.

ಹೀಗೆ ಕೊಟ್ಟ ಹೆಸರು ಕಂಪ್ಯೂಟರ್ ಆರುವ ತನಕ ಮಾತ್ರ ಉಳಿಯುತ್ತದೆ. ಆಮೇಲೂ ಉಳಿಯಬೇಕಾದರೆ ಅದನ್ನು ಶುರುವಿನ ಫೈಲಿನಲ್ಲಿ ಬರೆಯಬೇಕು. ಹತ್ತು ನಿಮಿಷದ ಕೆಲಸ, ಇಂಜಿನಿಯರ್ ಸಾಹೇಬರ ಸಹಿ ಬೇಕು. ಅವರು ಹೊರಡುವ ಗಡಿಬಿಡಿಯಲ್ಲಿದ್ದರು; ಸೈರನ್ ಕೂಗುತ್ತಿದೆಯಲ್ಲ, ನಾಳೆ ನೋಡೋಣ ಎಂದರು. ನಾನೂ ಹೂಂ ಎಂದೆ.

ಮಂಗಳವಾರ 9.50ಕ್ಕೆ ವಿದ್ಯುತ್ ಹೋಗಿ ಕಂಪ್ಯೂಟರ್ ಆರಿತು, 10.05ಕ್ಕೆ ತಾನಾಗಿ ಚಾಲೂ ಆಯಿತು. ಫೈಲಿನಲ್ಲಿ ಹಳೆಯ ಹೆಸರೇ ಇತ್ತು. 10.45ಕ್ಕೆ ಪರದೆಯಲ್ಲಿ ಸೈರನ್ ಕೂಗಿದೆ ಎಂದು ಹಸಿರು ಗುರುತು ಬಂತು. ಯಾವ ಸೈರನ್ ಎಂದು ಅದು ಹೇಳುವುದಿಲ್ಲ. ಮನಸ್ಸು ತಡೆಯದೆ ಅಳತೆ ಅಣ್ಣನಿಗೆ ಫೋನ್ ಮಾಡಲು ಕೈ ಚಾಚಿದೆ. ಹಸಿರು ಬಂದಿದೆಯಲ್ಲ ಎಂದು ಬಿಟ್ಟೆ. 11.00ಕ್ಕೆ ಗೇಟು ತೆರೆಯಿತು. ಮಧ್ಯಾಹ್ನ 2.10ಕ್ಕೆ, ಅಳತೆಯ ಜಾಗದಿಂದ ನಾಲ್ಕು ಕಿಲೋಮೀಟರ್ ಕೆಳಗೆ, ಸೇತುವೆಯ ಕಂಬದ ಬಳಿ ಅವರ ದೇಹ ಸಿಕ್ಕಿತು. ಅಳತೆ ಪುಸ್ತಕ ಅಂಗಿಯೊಳಗೆ ಗುಂಡಿ ಹಾಕಿದ ಹಾಗೇ ಇತ್ತು.

ಬುಧವಾರ ಸಾಹೇಬರು ಆ ಹಸಿರು ಗುರುತಿನ ದಾಖಲೆ ಮುದ್ರಿಸಿ, ಮೃತರು ಎಚ್ಚರಿಕೆ ಕೇಳಿಯೂ ಮೇಲೆ ಬರಲಿಲ್ಲ ಎಂದು ವರದಿ ಬರೆದರು. ಕೂಗಿದ್ದು ಯಾರೂ ಇಲ್ಲದ ಹಳೆಯ ಜಾಗದಲ್ಲಿ ಎಂದು ನಾನು ಹೇಳಿದಾಗ ಬಾಗಿಲು ಹಾಕಿ, "ಹೋದವ್ರು ಬರಲ್ಲ ಮೇಡಂ. ನಿಮ್ಮ ಕೆಲ್ಸಾನೂ ಹೋಗುತ್ತೆ, ನಂದೂ ಹೋಗುತ್ತೆ," ಎಂದರು. ನಾನು ಬಾಗಿಲು ತೆಗೆದು ನನ್ನ ಕುರ್ಚಿಗೆ ಮರಳಿದೆ.

ಇಂದು, ಗುರುವಾರ, ಬೆಳಿಗ್ಗೆ 9.30ಕ್ಕೆ ಅಳತೆ ಅಣ್ಣನ ಮನೆಗೆ ಹೋಗಿದ್ದೆ. ಆ ವರದಿ ಅವರ ಹೆಂಡತಿಯ ಮಡಿಲಲ್ಲಿತ್ತು. ನನ್ನ ಕೈ ಹಿಡಿದು, "ಅವ್ರ ಕಿವಿ ಬಹಳ ಚುರುಕು ಅಕ್ಕ. ಪಕ್ಕದ ರೂಮಲ್ಲಿ ನಾನು ಮಗ್ಗುಲಾದ್ರೂ ಏನಾಯ್ತೇ ಅನ್ನೋರು. ಸೈರನ್ ಕೇಳಿದ್ರೆ ಮೇಲೆ ಬರ್ದೇ ಇರ್ತಿರ್ಲಿಲ್ಲ. ಅದು ಹೇಗೆ ಕೇಳಿಸ್ಲಿಲ್ಲ, ನೀವೇ ಹೇಳಿ," ಎಂದರು. ಅಲ್ಲಿಂದ ಠಾಣೆಗೆ 900 ಮೀಟರ್. ನಡೆದು ಬಂದೆ.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದೆ. ಫೈಲಿನಲ್ಲಿ ಬರೆಯಲು ಮರೆತೆ ಎಂದು ಠಾಣೆಯವರು ಬರೆದುಕೊಂಡಿದ್ದನ್ನು ನಾನೇ ಹೊಡೆದುಹಾಕಿಸಿದ್ದೇನೆ. ಮರೆತಿರಲಿಲ್ಲ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜ.

ಸ್ಥಳ: ಠಾಣೆ
ದಿನಾಂಕ: 16, ಗುರುವಾರ, ಬೆಳಿಗ್ಗೆ 11.40
ಸಹಿ