ಧೂಳು ಕೂರುವ ಮುಂಚೆ

ಎದೆ ಡಾಕ್ಟರ ಕೋಣೆಯ ಹೊರಗೆ ದರ್ಜಿ ಹೆಂಗಸು ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತ ಕೂತಿದ್ದಳು. ಪಕ್ಕದ ಬೆಂಚಿನಲ್ಲಿ ಒಬ್ಬ ಗ್ಯಾರೇಜಿನವನು ಕೆಮ್ಮುತ್ತಿದ್ದ. ಜೊತೆಗೆ ಅವನ ಅಕ್ಕ. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಲೇ ಇತ್ತು.

“ಬೈಕಿನ ತುಕ್ಕಿಗೆ ಎಮರಿ ಪೇಪರ್ ಸಾಲದಾಯ್ತೇನೋ? ಹಳೇ ಫ್ರಿಡ್ಜಿನೊಳಗೆ ಪಾರ್ಟ್ಸ್ ಇಟ್ಟು ಮರಳು ಊದಬೇಕಿತ್ತಾ?”

“ಉಜ್ಜಿ ಉಜ್ಜಿ ಕೈ ಬಿದ್ದುಹೋಗಿತ್ತಕ್ಕ. ಟೈರಿಗೆ ಗಾಳಿ ಹಾಕೋ ಮೆಷೀನ್ ಹೇಗೂ ಇತ್ತು. ಫ್ರಿಡ್ಜಿನ ಬಾಗಿಲಿಗೊಂದು ಗಾಜು, ಕೈ ತೂರಿಸೋಕೆ ಎರಡು ತೂತು, ರಬ್ಬರ್ ಗ್ಲೌಸು, ಅಷ್ಟೇ. ಮರಳು ಬಡಿದರೆ ತುಕ್ಕು ಹೇಳದೆ ಕೇಳದೆ ಓಡಿಹೋಗ್ತಿತ್ತು.”

“ಓಡಿ ಎಲ್ಲಿಗೆ ಹೋಯ್ತು ಅಂತ ಈಗ ಡಾಕ್ಟರು ಹೇಳ್ತಾರೆ ಬಿಡು.”

“ಬಾಗಿಲು ಮುಚ್ಚಿದ್ದರೆ ಒಂದು ಕಣ ಹೊರಗೆ ಬರ್ತಿರಲಿಲ್ಲ.”

“ಮತ್ತೆ ಎದೆಗೆ ಹೇಗೆ ಹೋಯ್ತೋ?”

ಅವನು ಎರಡು ಸಲ ಕೆಮ್ಮಿದ.

“ಧೂಳು ಕೂರೋವರೆಗೆ ಕಾಯಬೇಕಿತ್ತು. ಪ್ರತೀ ಸಲ ತಕ್ಷಣ ಬಾಗಿಲು ತೆಗೆದುಬಿಡ್ತಿದ್ದೆ. ಹೇಗೆ ಹೊಳೀತಿದೆ ಅಂತ ನೋಡೋ ಆಸೆ.”

“ಹುಟ್ಟುಗುಣ! ಅಮ್ಮ ಒಲೆ ಮೇಲೆ ಏನಿಟ್ಟರೂ ಮುಚ್ಚಳ ತೆಗೆದು ತೆಗೆದು ನೋಡ್ತಿದ್ದವನಲ್ವಾ ನೀನು.”

“ಡಾಕ್ಟರು ಇನ್ನು ಆ ಕೆಲಸ ಬೇಡ ಅಂದರೆ?”

“ಬಿಡ್ತೀಯ. ಉಸಿರಿದ್ದರೆ ಬೇರೆ ಕೆಲಸ.”

“ಬಿಟ್ಟರೂ ಪ್ರಯೋಜನವಿಲ್ಲ ಅಂದರೆ?”

ಅಕ್ಕ ಅವನ ಅಂಗಿಯ ಕಾಲರು ಸರಿಮಾಡಿದಳು.

ನರ್ಸು ಕರೆದಳು. ಅವನು ಎದ್ದು ಹೋಗಿ, ಡಾಕ್ಟರ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ಹಾಗೇ ನಿಂತ.

“ತೆಗಿಯೋ,” ಎಂದಳು ಅಕ್ಕ.

“ಸ್ವಲ್ಪ ತಾಳಕ್ಕ.”

ಅವಳು ತಾಳಿದಳು. ದರ್ಜಿ ಹೆಂಗಸೂ ನಾಮ ನಿಲ್ಲಿಸಿ ತಾಳಿದಳು. ಆಮೇಲೆ ಅಕ್ಕನೇ ಬಾಗಿಲು ತಳ್ಳಿ, ಅವನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದಳು.