ಭಾರ ಎತ್ತಬಾರದವರು

೨೦೦೩ರ ಮಾತು. ಮೂಡುಬಿದಿರೆಯಲ್ಲಿ ಕುಟುಂಬ ಯೋಜನೆ ಕ್ಯಾಂಪ್ ಇತ್ತು. ನನ್ನ ಹೆಂಡತಿಯನ್ನು ಆಪರೇಶನ್ನಿಗೆ ಒಳಗೆ ಕರೆದೊಯ್ದಿದ್ದರು. ನಾನು ಫ್ಲಾಸ್ಕ್ ಹಿಡಿದುಕೊಂಡು ಹೊರಗೆ ಕೂತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ಪಿಸುಗುಡುತ್ತಿದ್ದರು.

“ಮಗನಿಗೆ ಆಪರೇಶನ್ ಅಂದ್ರೆ ಅಮ್ಮ ಹೊಸ್ತಿಲು ದಾಟಲಿಕ್ಕೆ ಬಿಡ್ತಿರಲಿಲ್ಲ ವಿಮಲಾ. ಅದಕ್ಕೇ ಆಪರೇಶನ್ ನಿನಗೆ ಅಂತ ಸುಳ್ಳು ಹೇಳಿದ್ದು.”

“ಗೊತ್ತುಂಟು. ಹದಿನೈದು ದಿನ ಬಾವಿಕಟ್ಟೆ ಹತ್ತಿರ ಸುಳಿಯಬೇಡ ಅಂತ ಅತ್ತೆ ನನಗೆ ಹೇಳಿಯೂ ಆಗಿದೆ.”

“ಹಾಗಾದ್ರೆ ನೀರು ಸೇದುವುದು ಯಾರು?”

“ನೀವು. ನಾನು ಮಲಗಿರ್ತೇನಲ್ಲ.”

“ಭಾರ ಎತ್ತಬಾರದು ಅಂತ ಡಾಕ್ಟ್ರು ಹೇಳಿದ್ದು ನನಗೆ ಮಾರಾಯ್ತಿ!”

“ಅದು ಅತ್ತೆಗೆ ಗೊತ್ತಿಲ್ಲ ಅಲ್ವಾ?”

“ನನ್ನಂಥ ಬುದ್ಧಿವಂತ ಈ ಪೇಟೆಯಲ್ಲೇ ಇಲ್ಲ. ಹೊಲಿಗೆ ಇಲ್ಲ, ಹತ್ತು ನಿಮಿಷದ ಕೆಲಸ ಅಂದದ್ದಕ್ಕೆ ಆಪರೇಶನ್ನಿಗೆ ಧೈರ್ಯ ಬಂತು. ಅಮ್ಮನ ಎದುರು ಬಾಯಿ ಬಿಡ್ಲಿಕ್ಕೆ ಬರಲಿಲ್ಲ.”

“‘ಎರಡು ಹೆರಿಗೆಗೂ ಇವಳ ಹೊಟ್ಟೆ ಕೊಯ್ದಿದ್ದಾರೆ, ಇನ್ನು ಸಾಕು’ ಅಂತ ಅತ್ತೆ ಹತ್ತಿರ ನೀವು ಹೇಳಿದ್ರೆ ಆಗ್ತಿತ್ತು.”

“ಸರಿ. ಮನೆಗೆ ಹೋಗಿ ಹೇಳ್ತೇನೆ.”

“ನೀರು ಸೇದುವ ಮೊದಲು ಹೇಳಿ.”

“ಸಂಪತ್‌ಕುಮಾರ!” ಎಂದು ಸಿಸ್ಟರ್ ಕರೆದರು. ಆತ ಎದ್ದು ಚೀಲವನ್ನು ಹೆಂಡತಿಗೆ ಕೊಟ್ಟು ನನ್ನ ಕಡೆ ನೋಡಿದ.

“ನಿಮ್ಮನ್ನು ಇನ್ನೂ ಕರೀಲಿಲ್ವಾ?”

“ಇಲ್ಲ,” ಎಂದೆ.

ಇಬ್ಬರೂ ಬಾಗಿಲ ಕಡೆಗೆ ನಡೆದರು. ನನ್ನನ್ನು ಕರೆಯುವ ಪ್ರಶ್ನೆಯೇ ಇರಲಿಲ್ಲ. ಪಟ್ಟಿಯಲ್ಲಿದ್ದದ್ದು ನನ್ನ ಹೆಂಡತಿಯ ಹೆಸರು. ನಮ್ಮ ಎರಡು ಹೆರಿಗೆಗಳಿಗೂ ಅವಳ ಹೊಟ್ಟೆ ಕೊಯ್ದಿದ್ದರು. ಇದು ಮೂರನೆಯ ಸಲ. ನಾನು ಮೂರು ಸಲವೂ ಫ್ಲಾಸ್ಕ್ ಹಿಡಿದಿದ್ದೆ.